ರಿಟೆನ್ಷನ್ ಅಂದ್ರೆ ಉಳಿಸ್ಕೊಳ್ಳೋದಾ, ಉಳ್ಕೊಳ್ಳೋದಾ?

ಎಚ್‌ಆರ್‌ನವರ ಬಾಯಲ್ಲಿ ದಿನಾ ಓಡಾಡೋ ಪದ ಇದು. ಕೆಲಸಕ್ಕೆ ಸೇರಿದವರು ಬಿಟ್ಟು ಹೋಗದ ಹಾಗೆ ನೋಡ್ಕೊಳ್ಳೋದು ಅಂತ ಅರ್ಥ, ಇದರ ಉಲ್ಟಾ ಅಟ್ರಿಷನ್. ಸಾಫ್ಟ್‌ವೇರ್ ಕಂಪನೀಲಿ ಒಬ್ಬ ಬಿಟ್ರೆ ಪ್ರಾಜೆಕ್ಟ್ ಲೇಟಾಗತ್ತೆ, ಬೈದಾಡಿ ಸುಮ್ಮನಾಗ್ತಾರೆ. ಹಾಸಿಗೆ ಹಿಡಿದವರನ್ನ ಮನೇಲಿ ನೋಡ್ಕೊಳ್ಳೋ ಹೋಂ ನರ್ಸ್ ಬಿಟ್ರೆ ಕಥೇನೇ ಬೇರೆ.

ನಮ್ಮಜ್ಜಿಗೆ ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ತಪ್ಪಿದಾಗ ಎರಡು ತಿಂಗಳಲ್ಲಿ ನಾಲ್ಕು ಜನ ಬದಲಾದ್ರು. ಮೊದಲು ಬಂದಾಕೆಗೆ ಅಜ್ಜಿ ಎಡಗೆನ್ನೇಲಿ ಗಂಜಿ ನಿಂತ್ಕೊಳ್ಳತ್ತೆ, ಚಮಚ ಬಲಗಡೆಯಿಂದ ಕೊಡ್ಬೇಕು, ನುಂಗಿದ್ದು ನೋಡ್ಕೊಂಡೇ ಇನ್ನೊಂದು ಚಮಚ ಅನ್ನೋದು ಒಂದೇ ವಾರದಲ್ಲಿ ಕೈಗೆ ಬಂದಿತ್ತು, ಇದನ್ನ ಯಾವ ಫೈಲಲ್ಲೂ ಯಾರೂ ಬರೆದಿರ್ಲಿಲ್ಲ, ಆಕೆ ಹೋದ್ಮೇಲೆ ಬಂದವಳು ಎಡಗಡೆ ಕೂತು ಕುಡಿಸಿದ್ಲು, ಅಜ್ಜಿಗೆ ರಾತ್ರಿಯೆಲ್ಲಾ ಕೆಮ್ಮು. ಬೆಡ್‌ಸೋರ್, ಅಂದ್ರೆ ಮಲಗಿದಲ್ಲೇ ಒತ್ತಿ ಆಗೋ ಹುಣ್ಣು, ಅದೂ ಹಾಗೇ, ಸೊಂಟದ ಕೆಳಗೆ ಕೆಂಪಗಾಗಿದೆ ಸರಿ, ಅದು ನಿನ್ನೆ ಇತ್ತಾ ಅಂತ ಕೇಳಿದ್ರೆ ನಿನ್ನೆ ನೋಡಿದವಳೇ ಇವತ್ತಿಲ್ಲ.

ಅಟ್ರಿಷನ್ ಲೆಕ್ಕ ಹಾಕೋದು ಸುಲಭ. ವರ್ಷದಲ್ಲಿ ಬಿಟ್ಟವರ ಸಂಖ್ಯೇನ ಸರಾಸರಿ ಸ್ಟಾಫ್ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ. 20 ಜನರಿರೋ ಏಜೆನ್ಸೀಲಿ 12 ಜನ ಬಿಟ್ರೆ 60%. ಆದ್ರೆ ಈ 60 ಏನನ್ನೂ ಹೇಳಲ್ಲ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಆ ಹನ್ನೆರಡೂ ಜನ ಮೂರೇ ಮನೆಗಳಿಂದ ಓಡಿಹೋಗಿರಬಹುದು, ಯಾರೂ ಕೆಲಸ ಬಿಡದೇನೂ ಏಜೆನ್ಸಿಯವರೇ ವಾರಕ್ಕೊಬ್ಬರನ್ನ ಮನೆಯಿಂದ ಮನೆಗೆ ತಿರುಗಿಸ್ತಾ ಇರಬಹುದು. ಪೇಷಂಟ್ ಕಡೆಯಿಂದ ಎಣಿಸ್ಬೇಕು: ಒಂದು ತಿಂಗಳಲ್ಲಿ ಎಷ್ಟು ಬೇರೆ ಬೇರೆ ಕೈ ಮುಟ್ಟಿದ್ವು?

ರಿಸರ್ಚ್ ಮಾಡೋರು ಇನ್ನೊಂದು ಕಡೆ ಎಡವ್ತಾರೆ. ಜನ ಹೆಚ್ಚು ಬದಲಾದ ಮನೇಲಿ ಆರೈಕೆ ಕೆಟ್ಟಿತ್ತು ಅಂದ್ರೆ ಬದಲಾದದ್ದರಿಂದಲೇ ಕೆಟ್ಟಿತು ಅಂತಲ್ಲ, ಪೇಷಂಟ್ ಪರಿಸ್ಥಿತಿ ಅಷ್ಟು ಕಷ್ಟ ಇತ್ತು ಅಂತಲೇ ಜನ ಓಡಿರಬಹುದು. ಆಮೇಲೆ ಬಿಟ್ಟು ಹೋಗೋವಾಗ ಕಾರಣ ಕೇಳಿದ್ರೆ ಎಲ್ರೂ ಹೇಳೋದು ಒಂದೇ, "ಊರಲ್ಲಿ ಹುಷಾರಿಲ್ಲ". ಅದಕ್ಕೇ ಸ್ಟೇ ಇಂಟರ್‌ವ್ಯೂ ಅಂತ ಒಂದಿದೆ, ಇನ್ನೂ ಇರೋರನ್ನೇ ಕೂರಿಸ್ಕೊಂಡು ಯಾಕಿದ್ದೀರಾ, ಯಾವತ್ತು ಬಿಡೋಣ ಅನ್ನಿಸ್ತು ಅಂತ ಕೇಳೋದು. ಆಗ ಹೊರಗೆ ಬರೋದು ಬೇರೇನೇ. ಸಂಬಳ ಇದ್ದೇ ಇದೆ, ಅದರ ಜೊತೆಗೆ 24 ಗಂಟೆ ಡ್ಯೂಟೀಲಿ ನಿದ್ದೆಗೆ ಜಾಗ ಇಲ್ಲ, ಪೇಷಂಟ್ ಕೆಲಸದ ಜೊತೆ ಮನೆಯವರ ಪಾತ್ರೆನೂ ತಲೆಗೆ ಬೀಳತ್ತೆ, ರಾತ್ರಿ ಎರಡಕ್ಕೆ ಡೌಟ್ ಬಂದ್ರೆ ಫೋನ್ ಎತ್ತೋರಿಲ್ಲ.

ಕನ್ನಡದಲ್ಲಿ ಹೇಳಿದ್ರೆ ಪದದ ಒಳಗಿನ ಗಂಟು ಕಾಣತ್ತೆ. ಉಳಿಸ್ಕೊಳ್ಳೋದು ಮಾಲೀಕನ ಕೆಲಸ, ಬೋನಸ್ ಕೊಟ್ಟೋ ಸರ್ಟಿಫಿಕೇಟ್ ಇಟ್ಕೊಂಡೋ ಮಾಡಬಹುದು. ಉಳ್ಕೊಳ್ಳೋದು ಕೆಲಸ ಮಾಡೋ ಆಕೆಯ ತೀರ್ಮಾನ.

ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಯೋಸ್ ದೆ ಬ್ಲಾಕ್ ಅನ್ನೋ ನರ್ಸ್ ಶುರು ಮಾಡಿದ ಬ್ಯೂರ್ಟ್‌ಜೋರ್ಖ್ ಅನ್ನೋ ಹೋಂ ನರ್ಸಿಂಗ್ ಸಂಸ್ಥೆ ಹೊರಟಿದ್ದು ಈ ಎರಡನೇ ದಾರೀಲಿ. ಹೆಸರಿನ ಅರ್ಥ ನೆರೆಹೊರೆಯ ಆರೈಕೆ. ಹೆಚ್ಚಂದ್ರೆ 12 ಜನ ನರ್ಸ್‌ಗಳ ಒಂದು ಟೀಮ್, ತಲೆ ಮೇಲೆ ಮ್ಯಾನೇಜರ್ ಇಲ್ಲ, ಡ್ಯೂಟಿ ಹಂಚ್ಕೊಳ್ಳೋದು, ಹೊಸಬರನ್ನ ತಗೊಳ್ಳೋದು ಎಲ್ಲಾ ಅವರದ್ದೇ, ಸಿಕ್ಕಾಕ್ಕೊಂಡ್ರೆ ಕೇಳೋಕೆ ಒಬ್ಬ ಕೋಚ್. ಅಲ್ಲಿ ದುಡ್ಡು ಇನ್ಶೂರೆನ್ಸ್‌ನಿಂದ ಬರತ್ತೆ, ನಮ್ಮಲ್ಲಿ ಬಹುತೇಕ ಮನೆಯವರ ಜೇಬಿಂದ, ಹಾಗಾಗಿ ಹಾಗೇ ಎತ್ಕೊಂಡು ಬರೋಕಾಗಲ್ಲ. ಇಂಗ್ಲೆಂಡಿನಲ್ಲಿ ಆರೈಕೆ ಹೇಗಿರ್ಬೇಕು ಅಂತ ಸಲಹೆ ಕೊಡೋ ನೈಸ್ ಸಂಸ್ಥೆಯ 2015ರ ಮನೆ ಆರೈಕೆಯ ಮಾರ್ಗಸೂಚೀಲೂ ಒಂದು ಮಾತಿದೆ, ಅರ್ಧ ಗಂಟೆಗಿಂತ ಕಮ್ಮಿ ಭೇಟಿ ಬೇಡ, ಮಾಡಲೇಬೇಕಂದ್ರೆ ಹಾಕಿರೋ ಷರತ್ತುಗಳಲ್ಲಿ ಒಂದು, ಬರೋರು ಪೇಷಂಟ್‌ಗೆ ಪರಿಚಯದವರಾಗಿರಬೇಕು.

ಮೊನ್ನೆ ಸ್ನೇಹಿತರೊಬ್ಬರ ಅಪ್ಪನಿಗಾಗಿ ಒಂದು ಏಜೆನ್ಸಿಗೆ ಫೋನ್ ಮಾಡಿ, ಒಬ್ಬರನ್ನೇ ಎಷ್ಟು ದಿನ ಕಳಿಸ್ತೀರಾ ಅಂತ ಕೇಳ್ದೆ. "ಟೆನ್ಷನ್ ತಗೋಬೇಡಿ ಸಾರ್, ರೀಪ್ಲೇಸ್‌ಮೆಂಟ್ ಫ್ರೀ" ಅಂದ್ರು.