ಹುಚ್ಚಪ್ಪ ಎಂಬ ಹೆಸರಿನಲ್ಲಿ ಹುಚ್ಚಿಲ್ಲ

ಶಿಕಾರಿಪುರ ಸೀಮೆಯ ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರುಗಳನ್ನು ದೂರದ ಊರಿನ ಕಾಲೇಜಿನಲ್ಲಿ ಹಾಜರಿ ಕೂಗಿದರೆ ತರಗತಿ ನಗುತ್ತದೆ. ಆ ನಗೆಗೆ ಹೆದರಿ ಹೆಸರು ಬದಲಿಸಿಕೊಳ್ಳಲು ಹೊರಟ ಹುಡುಗರಿಗೆ ಅದರ ಮೂಲವನ್ನು ಯಾರಾದರೂ ಹೇಳಬೇಕು. ಶಿಕಾರಿಪುರದ ಆಂಜನೇಯನೇ ಹುಚ್ಚರಾಯಸ್ವಾಮಿ. ಅವನನ್ನು ಭ್ರಾಂತೇಶ ಎಂದೂ ಕರೆಯುತ್ತಾರೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಇಲ್ಲಿಯ ಭ್ರಾಂತೇಶ, ಈ ಮೂವರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಬೇಕೆಂಬ ರೂಢಿ ಇದೆ. ಕಾಂತೇಶ ಎಂಬ ಹೆಸರಿಗೆ ಯಾರೂ ನಗುವುದಿಲ್ಲ. ಹುಚ್ಚಪ್ಪನೂ ಅದೇ ಹನುಮನ ಹೆಸರು, ಅಚ್ಚಕನ್ನಡದಲ್ಲಿದೆ ಅಷ್ಟೆ.

ಮಲೆನಾಡಿನ ಹಳೆಯ ಹೆಸರುಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದರೆ ಹೀಗೇ ದಾರಿ ತಪ್ಪುತ್ತದೆ. ಮೊದಲು ಸುತ್ತಲಿನ ದೇವರು, ಬನ, ಗುಡ್ಡ ನೋಡಬೇಕು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆ ಜನರ ಬಾಯಲ್ಲಿ ಗುತ್ಯಮ್ಮ. ಅವಳಿಗೆ ಹರಕೆ ಹೊತ್ತ ಮನೆಗಳಲ್ಲಿ ಗುತ್ಯಪ್ಪ, ಗುತ್ಯಮ್ಮ ಹುಟ್ಟುತ್ತಾರೆ. ಗುತ್ತಿ ಎಂಬುದಕ್ಕೆ ಅಮ್ಮ ಸೇರಿ ಗುತ್ತಿಯಮ್ಮ, ಅದು ಆಡುಮಾತಿನಲ್ಲಿ ಸವೆದು ಗುತ್ಯಮ್ಮ. ಚೌಡಿಯಿಂದ ಚೌಡಪ್ಪ. ಕೆಳದಿ ಸಂಸ್ಥಾನಕ್ಕೆ ಬುನಾದಿ ಹಾಕಿದ ನಾಯಕನ ಹೆಸರೂ ಚೌಡಪ್ಪ. ಅಂದರೆ ಸಾಗರದ ಕಡೆ ಈ ಹೆಸರು 500 ವರ್ಷದಿಂದ ಬಾಳುತ್ತಿದೆ.

ಎಳೆಗೂಸಿಗೆ ಅಪ್ಪ, ಅಮ್ಮ ಎಂಬ ಬಾಲ ಏಕೆ? ಅಜ್ಜ-ಅಜ್ಜಿಯ ಹೆಸರನ್ನೇ ಮೊಮ್ಮಕ್ಕಳಿಗೆ ಇಡುವ ಪದ್ಧತಿ ಅದಕ್ಕೊಂದು ಕಾರಣ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದಕ್ಕೇ ತೊಟ್ಟಿಲ ಮಗು ಪುಟ್ಟ, ಅಪ್ಪಿ, ಸಣ್ಣಿ ಆಗುತ್ತಿತ್ತು. ಶಾಲೆಗೆ ಸೇರಿಸುವಾಗ ಎಷ್ಟೋ ಸಲ ಈ ಕರೆಯುವ ಹೆಸರೇ ದಾಖಲೆಗೆ ಹೋಗಿ ಪುಟ್ಟಪ್ಪ, ಸಣ್ಣಮ್ಮ ಎಂದು ನಿಂತುಬಿಟ್ಟಿತು.

ಈ ಬಾಲ ಕಳಚಿದ ಕಾಲವನ್ನು ತೀರ್ಥಹಳ್ಳಿ ಕಡೆಯ ಒಂದೇ ಮನೆತನದಲ್ಲಿ ಕಾಣಬಹುದು. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ, ನಮ್ಮ ಕುವೆಂಪು. ಅವರಿಗೆ 1938ರಲ್ಲಿ ಹುಟ್ಟಿದ ಮಗ ಪೂರ್ಣಚಂದ್ರ ತೇಜಸ್ವಿ. ತಂದೆ ದೇವರ ಹೆಸರಿನವರು, ಮಗ ಮುದ್ದಿನ ಹೆಸರಿನವರು, ಮೊಮ್ಮಗ ಎರಡು ಸಂಸ್ಕೃತ ಪದಗಳ ಹೆಸರಿನವರು. ಮೂರು ತಲೆಮಾರಿನಲ್ಲಿ ಬದಲಾಗದೆ ಉಳಿದದ್ದು ಮುಂದಿನ 'ಕೆ', ಅಂದರೆ ಊರು. ಕಡಿದಾಳ್ ಮಂಜಪ್ಪ, ಶಾಂತವೇರಿ ಗೋಪಾಲಗೌಡ ಇವರದೂ ಊರು ಮುಂದಿಟ್ಟ ಹೆಸರುಗಳೇ. ಇನ್ನು ಹೆಸರು ಬದಲಿಸುವುದು ನಮ್ಮ ಕಾಲದ ಚಾಳಿ ಎಂದುಕೊಳ್ಳುವವರು ತಾಳಗುಂದದ ಕಂಬಶಾಸನ ನೋಡಬೇಕು. ಅಲ್ಲಿ ಕದಂಬರ ಮೂಲಪುರುಷ ಮಯೂರಶರ್ಮ, ಅವನ ವಂಶದವರು ಕಾಕುಸ್ಥವರ್ಮ, ಶಾಂತಿವರ್ಮ. ಕತ್ತಿ ಹಿಡಿದ ಮನೆತನಕ್ಕೆ ಶರ್ಮ ಹೋಗಿ ವರ್ಮ ಬಂತು.

ಈಗಿನವರು ಮೊಬೈಲಿನ ಪಟ್ಟಿ ನೋಡಿ ಹೆಸರು ಆರಿಸುತ್ತಾರೆ. ಆರಿಸಲಿ, ಆದರೆ ಅರ್ಥವನ್ನು ಒಮ್ಮೆ ಸಂಸ್ಕೃತ ಬಲ್ಲವರಲ್ಲಿ ಕೇಳಿ. ಅನ್ವಿತಾ ಎಂದರೆ 'ಕೂಡಿದವಳು' ಅಷ್ಟೇ. ಏನನ್ನು ಕೂಡಿದವಳು ಎಂಬುದು ಗುಣಾನ್ವಿತಾ ಎಂದಾಗ ಮಾತ್ರ ತಿಳಿಯುತ್ತದೆ. ಚಿಕ್ಕದೂ ಚೆಂದದ್ದೂ ಬೇಕೆನ್ನುವವರಿಗೆ ನಮ್ಮ ಹೊಳೆಗಳೇ ಇವೆ. ತುಂಗಾ ಎಂದರೆ ಎತ್ತರದವಳು, ವರದಾ ವರ ಕೊಡುವವಳು, ಸ್ವಲ್ಪ ಉದ್ದವಾದರೂ ಸರಿ ಎಂದರೆ ಕುಮುದ್ವತಿ, ನೈದಿಲೆ ತುಂಬಿದವಳು. ಈ ಹೆಸರುಗಳು ಮಕ್ಕಳಲ್ಲಿ ಕಡಿಮೆಯಾಗುತ್ತಿರುವುದು ನಿಜಕ್ಕೂ ನಷ್ಟ.

ನಕ್ಷತ್ರದ ಅಕ್ಷರ ಬೇಕೆನ್ನುವವರದು ಬೇರೆ ಫಜೀತಿ. 27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರ. ಅವುಗಳಲ್ಲಿ ಆರಿದ್ರೆಯ ಮೂರನೆಯ ಪಾದಕ್ಕೆ ಙ, ಹಸ್ತದ ಮೂರನೆಯದಕ್ಕೆ ಣ, ಉತ್ತರಾಭಾದ್ರದ ನಾಲ್ಕನೆಯದಕ್ಕೆ ಞ ಬರುತ್ತದೆ. ಈ ಅಕ್ಷರಗಳಿಂದ ಹೆಸರು ಶುರುವಾಗುವುದೇ ಇಲ್ಲ. ಶಾಸ್ತ್ರದಲ್ಲೇ ಇದಕ್ಕೆ ಪರಿಹಾರವಿದೆ: ಙ ಬದಲು ಗ, ಞ ಬದಲು ಜ, ಣ ಬದಲು ಡ ಹಿಡಿಯಬಹುದು. ಠ, ಝ ಬಂದವರು ತಿಣುಕಿ ಹೆಸರು ಕಟ್ಟುವುದು ಬೇಡ. ಜಾತಕಕ್ಕೆ ಒಂದು, ಕರೆಯಲು ಇನ್ನೊಂದು ಇಟ್ಟರೆ ಸಾಕು. ಯಾವುದು ದಾಖಲೆಗೆ ಎಂಬುದನ್ನು ಮಾತ್ರ ನಾಮಕರಣದ ದಿನವೇ ತೀರ್ಮಾನಿಸಿ.

ಏಕೆಂದರೆ ತೊಡಕು ಶುರುವಾಗುವುದೇ ದಾಖಲೆಯಲ್ಲಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಗ ಹೆಸರು ನಿಶ್ಚಯವಾಗಿರದಿದ್ದರೂ ಅಡ್ಡಿಯಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಹೆಸರಿಲ್ಲದ ಜನನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮರೆತವರು ಶಾಲೆಗೆ ಸೇರಿಸುವ ಹೊತ್ತಿಗೆ ಓಡಾಡುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಂತೂ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಈ ಪತ್ರವೇ ಆಧಾರ.

ಇನಿಶಿಯಲ್ ಬಿಡಿಸಿ ಬರೆಯಿಸಿ. ಪಾಸ್‌ಪೋರ್ಟಿನಲ್ಲೂ ಪ್ಯಾನ್ ಅರ್ಜಿಯಲ್ಲೂ ಒಂಟಿ ಅಕ್ಷರ ನಡೆಯುವುದಿಲ್ಲ. ಅಣ್ಣನ 'ಕೆ' ಊರಾಗಿ, ತಂಗಿಯ 'ಕೆ' ಅಪ್ಪನ ಹೆಸರಾಗಿ ಬಿಡಿಸಿಕೊಂಡರೆ ಮುಂದೆ ಒಂದೇ ಮನೆಯ ಮಕ್ಕಳೆಂದು ತೋರಿಸಲು ಪ್ರಮಾಣಪತ್ರ ಮಾಡಿಸಬೇಕಾದೀತು. ತಂದೆ-ತಾಯಿಯ ಹೆಸರು ಅವರವರ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಸಿಗುವುದು ಎರಡೇ ಅವಕಾಶ.

ಹೆಚ್ಚು ಎಡವುವುದು ಇಂಗ್ಲಿಷ್ ಕಾಗುಣಿತದಲ್ಲಿ. ಲತಾ ಎಂಬುದರ 'ತ'ಕ್ಕೆ ಒಬ್ಬರು ಟಿ ಬರೆದರೆ ಇನ್ನೊಬ್ಬರು ಟಿ ಎಚ್ ಬರೆಯುತ್ತಾರೆ. ಗುತ್ಯಮ್ಮನ ಒತ್ತಕ್ಷರಕ್ಕೆ ಒಂದು ಟಿ ಸಾಕೋ ಎರಡು ಬೇಕೋ ಗೊತ್ತಾಗುವುದಿಲ್ಲ. ಅರ್ಜಿ ಕೊಡುವ ಮೊದಲು ಮನೆಯ ಇಬ್ಬರು ಬೇರೆ ಬೇರೆ ಕೂತು ಮಗುವಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲಿ. ಎರಡು ಚೀಟಿಗಳಲ್ಲಿ ಯಾವ ಅಕ್ಷರ ಬೇರೆಯಾಗಿದೆಯೋ ಕಚೇರಿಯಲ್ಲೂ ಅಲ್ಲೇ ತಪ್ಪಾಗುತ್ತದೆ. ಅದನ್ನು ಇತ್ಯರ್ಥ ಮಾಡಿ, ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಅರ್ಜಿಯ ಜೊತೆಗೇ ಕೊಡಿ.