ಹೊರಗಿನ ವಸ್ತು ಹೊರಗೇ ಇದೆಯೇ: ಒಂದು ಹಳೆಯ ವಾದದ ಹಿನ್ನೆಲೆ

ಕಣ್ಣೆದುರಿನ ವಸ್ತು ಅದನ್ನು ಅರಿಯುವ ಮನಸ್ಸಿನ ಹಂಗಿಲ್ಲದೆ ತನ್ನ ಪಾಡಿಗೆ ತಾನು ಇದೆಯೇ ಎಂದು ಕೇಳಿದರೆ ಮೊದಲು ಬರುವುದು ನಗು. ಪ್ರಶ್ನೆಯನ್ನು ತಪ್ಪಾಗಿ ಗ್ರಹಿಸುವುದರಿಂದ ಹುಟ್ಟುವ ನಗು ಅದು. ಬಾಹ್ಯವಸ್ತುವನ್ನು ಅಲ್ಲಗಳೆದ ಪ್ರಮುಖ ದಾರ್ಶನಿಕರು ಗಡಿಗೆ ಕಾಣುವುದಿಲ್ಲವೆಂದಾಗಲಿ, ಗೋಡೆಗೆ ತಲೆ ಬಡಿದರೆ ನೋಯುವುದಿಲ್ಲವೆಂದಾಗಲಿ ಹೇಳಿದವರಲ್ಲ. ಕಾಣುವ ಗಡಿಗೆಯ ಹಿಂದೆ, ಯಾವ ಅರಿವಿಗೂ ಸಂಬಂಧಪಡದ ಇನ್ನೊಂದು ಗಡಿಗೆಯನ್ನು ಒಪ್ಪಲು ಆಧಾರವೇನು ಎಂಬುದು ಅವರ ಪ್ರಶ್ನೆ. ಆದ್ದರಿಂದ ಈ ವಾದದ ಚರಿತ್ರೆಯ ಬಹುಭಾಗ, ಸಾಧಿಸಿ ತೋರಿಸುವ ಹೊಣೆ ಯಾವ ಪಕ್ಷದ್ದು ಎಂಬ ಜಗ್ಗಾಟದ ಚರಿತ್ರೆಯೇ ಆಗಿದೆ.

ಬೌದ್ಧರ ಯೋಗಾಚಾರ ಪಂಥದ ವಸುಬಂಧು ಕ್ರಿ.ಶ. 4 ಅಥವಾ 5ನೆಯ ಶತಮಾನದಲ್ಲಿ ರಚಿಸಿದ ‘ವಿಂಶತಿಕಾ’ ಈ ಜಗ್ಗಾಟವನ್ನು ಸ್ಪಷ್ಟವಾಗಿ ಮುಂದಿಟ್ಟ ಪುಟ್ಟ ಗ್ರಂಥ. ಅದರಲ್ಲಿ ಎದುರಾಳಿಯ ಆಕ್ಷೇಪಗಳನ್ನು ಆತನೇ ಮೊದಲು ಎತ್ತುತ್ತಾನೆ. ವಸ್ತು ಹೊರಗಿಲ್ಲದಿದ್ದರೆ ಅದು ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಮಾತ್ರ ಕಾಣುವುದೇಕೆ, ಅಲ್ಲಿರುವ ಎಲ್ಲರಿಗೂ ಕಾಣುವುದೇಕೆ, ಕನಸಿನ ಅನ್ನ ಹಸಿವನ್ನು ತಣಿಸದಿರುವಾಗ ಎಚ್ಚರದ ಅನ್ನ ತಣಿಸುವುದೇಕೆ? ಕನಸಿನಲ್ಲೂ ಜಾಗ ಮತ್ತು ಹೊತ್ತು ನಿಯತವಾಗಿರುತ್ತವೆ, ಕನಸು ಮೈಮೇಲೆ ನಿಜವಾದ ಪರಿಣಾಮ ಬೀರುವುದೂ ಉಂಟು ಎಂಬುದು ಅವನ ಉತ್ತರ. ಹಲವರಿಗೆ ಒಂದೇ ವಸ್ತು ಕಾಣುವುದಕ್ಕೆ, ಸಮಾನ ಕರ್ಮವುಳ್ಳ ಪ್ರೇತಗಳೆಲ್ಲವೂ ನದಿಯನ್ನು ಕೀವು ತುಂಬಿದ್ದಾಗಿ ಕಾಣುತ್ತವೆ ಎಂಬ ನಂಬಿಕೆಯನ್ನು ಅವನು ಮುಂದೆ ಮಾಡುತ್ತಾನೆ. ಆ ನಂಬಿಕೆ ಇಲ್ಲದವರಿಗೆ ಈ ಉತ್ತರ ಸಪ್ಪೆಯೇ.

ಅವನ ನಿಜವಾದ ಪಟ್ಟು ಇರುವುದು ಪರಮಾಣುವಿನ ಪರೀಕ್ಷೆಯಲ್ಲಿ. ಹೊರಗಿನ ವಸ್ತು ಭಾಗಗಳಿಲ್ಲದ ಪರಮಾಣುಗಳಿಂದ ಆಗಿದೆ ಎನ್ನುವುದಾದರೆ, ಒಂದು ಪರಮಾಣುವಿಗೆ ನಾಲ್ಕು ದಿಕ್ಕು, ಮೇಲೆ, ಕೆಳಗೆ ಹೀಗೆ ಆರು ಕಡೆಗಳಿಂದ ಬೇರೆ ಆರು ಪರಮಾಣುಗಳು ಬಂದು ಕೂಡಲಿ. ಒಂದು ಕೂಡಿದ ಕಡೆ ಇನ್ನೊಂದು ಕೂಡಲಾಗದ ಕಾರಣ ನಡುವಿನದಕ್ಕೆ ಆರು ಭಾಗಗಳಿವೆ ಎಂದಾಯಿತು. ಅಂದ ಮೇಲೆ ಅದು ಪರಮಾಣುವಲ್ಲ. ಆರೂ ಒಂದೇ ಜಾಗದಲ್ಲಿ ಸೇರುತ್ತವೆ ಎಂದರೆ, ಎಷ್ಟೇ ಪರಮಾಣು ಕೂಡಿದರೂ ಗಾತ್ರ ಒಂದೇ ಪರಮಾಣುವಿನಷ್ಟು ಉಳಿಯುತ್ತದೆ, ಬೆಟ್ಟವೂ ಕಣ್ಣಿಗೆ ಬೀಳದು. ಪರಮಾಣುವಿಗೆ ಪಕ್ಕಗಳೇ ಇಲ್ಲದಿದ್ದರೆ ಬಿಸಿಲಿಗೊಂದು ಮಗ್ಗುಲು, ನೆರಳಿಗೊಂದು ಮಗ್ಗುಲು ಎಲ್ಲಿಂದ ಬಂದಾವು ಎಂದೂ ಅವನು ಕೇಳುತ್ತಾನೆ. ಇಲ್ಲಿ ಹೊಣೆ ತಿರುವುಮುರುವಾಗಿದೆ: ಹೊರಗಿನ ವಸ್ತು ಇದೆ ಎನ್ನುವವನು ಅದು ಎಂಥದ್ದೆಂದು ಅಸಂಗತವಿಲ್ಲದೆ ಮೊದಲು ಹೇಳಬೇಕು.

ಏಳನೆಯ ಶತಮಾನದ ಹೊತ್ತಿಗೆ ಬೌದ್ಧ ದಾರ್ಶನಿಕ ಧರ್ಮಕೀರ್ತಿ ಈ ವಾದಕ್ಕೆ ಇನ್ನೊಂದು ಮೊನೆ ಕೊಟ್ಟ. ನೀಲಿಯೂ ನೀಲಿಯ ಅರಿವೂ ಎಂದೂ ಜೊತೆಯಾಗಿಯೇ ಸಿಗುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಯಾರೂ ಕಂಡಿಲ್ಲ, ಹಾಗಾಗಿ ಅವೆರಡೂ ಬೇರೆಯಲ್ಲ ಎಂಬುದು ಅದರ ತಿರುಳು. ಜೊತೆಯಾಗಿ ಸಿಗುವುದೆಲ್ಲ ಒಂದೇ ಆಗಬೇಕಿಲ್ಲ ಎಂದು ಎದುರಾಳಿಗಳು ತಕರಾರು ಎತ್ತಿದರು. ಬೆಳಕಿಲ್ಲದೆ ಬಣ್ಣ ಕಾಣದು, ಆದರೂ ಬೆಳಕೇ ಬಣ್ಣವಲ್ಲ.

ಈ ತಕರಾರಿಗೆ ಅತ್ಯಂತ ಚುರುಕಾದ ರೂಪ ಸಿಕ್ಕಿರುವುದು, ನನ್ನ ಮಟ್ಟಿಗೆ, ಶಂಕರರ ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ. ಕಂಬವನ್ನು ಕಾಣುವವನು ಕಂಬವನ್ನು ಕಾಣುತ್ತಾನೆಯೇ ಹೊರತು ತನ್ನ ಕಾಣುವಿಕೆಯನ್ನೇ ಕಂಬವೆಂದು ಕಾಣುವುದಿಲ್ಲ. ಅರಿವು ಉಪಾಯ, ವಸ್ತು ಆ ಉಪಾಯದಿಂದ ದಕ್ಕುವಂಥದು, ಅವು ಜೊತೆಯಾಗಿ ಸಿಗಲು ಕಾರಣ ಅಷ್ಟೇ ಎನ್ನುತ್ತಾರೆ ಅವರು. ಒಳಗಿನ ರೂಪವೇ ಹೊರಗಿರುವಂತೆ ತೋರುತ್ತದೆ ಎಂಬ ಬೌದ್ಧರ ಮಾತನ್ನೂ ಅವರು ಬಿಡುವುದಿಲ್ಲ. ‘ಹೊರಗೆ’ ಎಂಬುದು ಎಲ್ಲಿಯೂ ಇಲ್ಲವೆಂದಾದರೆ ‘ಹೊರಗಿರುವಂತೆ’ ಎನ್ನಲು ಬರುವುದಿಲ್ಲ, ವಿಷ್ಣುಮಿತ್ರ ಬಂಜೆಯ ಮಗನಂತೆ ಕಾಣುತ್ತಾನೆ ಎಂದು ಯಾರೂ ಹೇಳುವುದಿಲ್ಲವಲ್ಲ ಎಂಬ ಅವರ ಮಾತಿನಲ್ಲಿ ಕುಹಕವೂ ಇದೆ, ತರ್ಕವೂ ಇದೆ. ಎಚ್ಚರಾದೊಡನೆ ಕನಸು ಸುಳ್ಳಾಗುತ್ತದೆ, ಎಚ್ಚರದ ಕಂಬ ಹಾಗೆ ಸುಳ್ಳಾಗುವುದಿಲ್ಲ ಎಂದೂ ಅವರು ಸೇರಿಸುತ್ತಾರೆ. ಆದರೆ ಅವರ ಪರಮಗುರುವೆಂದು ಪರಂಪರೆ ಹೇಳುವ ಗೌಡಪಾದರು ಮಾಂಡೂಕ್ಯಕಾರಿಕೆಗಳಲ್ಲಿ ಎಚ್ಚರವನ್ನೂ ಕನಸನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು. ವ್ಯವಹಾರದ ಮಟ್ಟದಲ್ಲಿ ಜಗತ್ತು ಹೊರಗಿದೆ, ಪರಮಾರ್ಥದಲ್ಲಿ ಬ್ರಹ್ಮವೊಂದೇ ಎಂಬ ಎರಡು ಮಟ್ಟಗಳ ಏರ್ಪಾಡು ಈ ಇಕ್ಕಟ್ಟಿಗೆ ಪರಿಹಾರವಾಗಿ ಒದಗಿತು. ಹದಿಮೂರನೆಯ ಶತಮಾನದಲ್ಲಿ ಮಧ್ವರು ಆ ಏರ್ಪಾಡನ್ನೇ ತಳ್ಳಿಹಾಕಿ, ಜಗತ್ತು ಸತ್ಯ, ಜೀವಕ್ಕೂ ಜಡಕ್ಕೂ ಇರುವ ಭೇದವೂ ಸತ್ಯ ಎಂದು ನೇರವಾಗಿ ಸಾರಿದರು.

ಯುರೋಪಿನಲ್ಲಿ ಇದೇ ಪ್ರಶ್ನೆ ಬೇರೆ ದಾರಿಯಿಂದ ಬಂತು. 1641ರಲ್ಲಿ ಫ್ರೆಂಚ್ ದಾರ್ಶನಿಕ ಡೆಕಾರ್ಟ್ ಎಲ್ಲವನ್ನೂ ಸಂಶಯಿಸಿ, ದೇವರು ಮೋಸಗಾರನಲ್ಲ ಎಂಬ ಆಧಾರದ ಮೇಲೆ ಹೊರಗಿನ ಜಗತ್ತನ್ನು ಮರಳಿ ಪಡೆದ. ಜಾನ್ ಲಾಕ್ ಆಕಾರ, ಚಲನೆಗಳಂಥ ಗುಣಗಳು ವಸ್ತುವಿನಲ್ಲೇ ಇವೆ, ಬಣ್ಣ, ರುಚಿಗಳು ನಮ್ಮಲ್ಲಿ ಉಂಟಾಗುವ ಅನುಭವಗಳು ಎಂದು ಗೆರೆ ಎಳೆದ. ಇಪ್ಪತ್ತೈದರ ಹರೆಯದ ಐರಿಷ್ ಪಾದ್ರಿ ಜಾರ್ಜ್ ಬರ್ಕ್‌ಲಿ 1710ರಲ್ಲಿ ಆ ಗೆರೆಯನ್ನು ಅಳಿಸಿದ. ನೋಡುವವರಿಗೆ ತಕ್ಕಂತೆ ಬಣ್ಣ ಬದಲಾಗುವುದರಿಂದ ಅದು ವಸ್ತುವಿನಲ್ಲಿಲ್ಲ ಎನ್ನುವುದಾದರೆ, ಗಾತ್ರವೂ ಹಾಗೆಯೇ ಬದಲಾಗುತ್ತದೆ. ಬಣ್ಣವಿಲ್ಲದ, ಬರೀ ಆಕಾರವಷ್ಟೇ ಇರುವ ವಸ್ತುವನ್ನು ಕಲ್ಪಿಸಿಕೊಳ್ಳುವುದೂ ಸಾಧ್ಯವಿಲ್ಲ. ವಸ್ತುವಿನ ಇರವೆಂದರೆ ಗ್ರಹಿಸಲ್ಪಡುವುದೇ, ಮನುಷ್ಯರು ನೋಡದಿರುವಾಗಲೂ ದೇವರ ಗ್ರಹಿಕೆಯಲ್ಲಿ ಅದು ಇರುತ್ತದೆ ಎಂಬುದು ಅವನ ನಿಲುವು. 1763ರಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ಕಲ್ಲೊಂದನ್ನು ಬಲವಾಗಿ ಒದ್ದು ಇದನ್ನು ಖಂಡಿಸಿದೆನೆಂದ ಪ್ರಸಂಗವನ್ನು ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾನೆ. ಕಲ್ಲಿನ ಗಡಸುತನವೂ ಕಾಲಿನ ನೋವೂ ಬರ್ಕ್‌ಲಿ ಒಪ್ಪಿದ್ದ ಅನುಭವಗಳೇ ಆದ್ದರಿಂದ ಆ ಒದೆತ ಗುರಿ ಮುಟ್ಟಲಿಲ್ಲ.

ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ ದೇಶ, ಕಾಲಗಳು ನಮ್ಮ ಗ್ರಹಿಕೆಯ ಚೌಕಟ್ಟುಗಳೆಂದು 1781ರಲ್ಲಿ ಬರೆದಾಗ, ವಿಮರ್ಶಕರು ಅವನನ್ನೂ ಬರ್ಕ್‌ಲಿಯ ಸಾಲಿಗೆ ಸೇರಿಸಿದರು. ಇದರಿಂದ ಕೆರಳಿದ ಕಾಂಟ್ ಆ ಗ್ರಂಥದ 1787ರ ಎರಡನೆಯ ಆವೃತ್ತಿಗೆ ಪ್ರತ್ಯೇಕ ಖಂಡನೆಯೊಂದನ್ನು ಸೇರಿಸಿದ. ನನ್ನ ಅನುಭವಗಳ ಹಿಂದು-ಮುಂದನ್ನು ಗುರುತಿಸಬೇಕಾದರೆ ಗ್ರಹಿಕೆಯಲ್ಲಿ ಸ್ಥಿರವಾದದ್ದೊಂದು ಬೇಕು, ಅದು ನನ್ನೊಳಗಿನ ಇನ್ನೊಂದು ಅನುಭವವಾಗಿರಲಾರದು ಎಂಬುದು ಅವನ ವಾದ. ಹೊರಗಿನ ವಸ್ತುಗಳ ಇರವನ್ನು ಬರೀ ನಂಬಿಕೆಯ ಮೇಲೆ ಒಪ್ಪಬೇಕಾಗಿರುವುದು ತತ್ತ್ವಶಾಸ್ತ್ರಕ್ಕೇ ನಾಚಿಕೆಗೇಡು ಎಂದು ಅವನು ಅದೇ ಆವೃತ್ತಿಯಲ್ಲಿ ಬರೆದ.

1903ರ ಲೇಖನವೊಂದರಲ್ಲಿ ಇಂಗ್ಲಿಷ್ ದಾರ್ಶನಿಕ ಜಿ. ಇ. ಮೂರ್ ಹಿಡಿದದ್ದು ಮತ್ತೆ ನೀಲಿಯನ್ನೇ. ನೀಲಿಯ ಅರಿವು ಬೇರೆ, ನೀಲಿ ಬೇರೆ, ಎರಡನ್ನೂ ಕಲಸಿದ್ದೇ ವಿಜ್ಞಾನವಾದದ, ಅಂದರೆ ಅರಿವಿನ ಹೊರಗೆ ವಸ್ತುವಿಲ್ಲ ಎನ್ನುವ ಮತದ, ದೋಷ ಎಂಬ ಅವರ ಮಾತನ್ನು ಓದಿದವರಿಗೆ, ಸಾವಿರ ವರ್ಷಕ್ಕೂ ಹಿಂದಿನ ಧರ್ಮಕೀರ್ತಿಗೆ ನೇರವಾಗಿ ಉತ್ತರ ಕೊಡುತ್ತಿದ್ದಾರೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆ ಲೇಖನ ಬಹಳ ಗೊಂದಲದ್ದೆಂದು ಮುಂದೆ ಮೂರ್ ಅವರೇ ಬರೆದುಕೊಂಡರು. 1939ರಲ್ಲಿ ಅವರು ಇನ್ನೂ ಸರಳವಾಗಿ, ಇದೋ ಒಂದು ಕೈ, ಇದೋ ಇನ್ನೊಂದು ಎಂದು ತೋರಿಸಿ ಹೊರಗಿನ ಜಗತ್ತು ಸಿದ್ಧವಾಯಿತೆಂದರು.

ಭೌತವಿಜ್ಞಾನ ಈ ವಾದವನ್ನು ತೀರ್ಮಾನಿಸಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಯಾರೂ ಇಲ್ಲದ ಮನೆಯಲ್ಲೂ ಮೇಜು ಇರುತ್ತದೆ ಎಂದು ಐನ್‌ಸ್ಟೈನ್ 1930ರಲ್ಲಿ ರವೀಂದ್ರನಾಥ ಠಾಕೂರರೊಂದಿಗೆ ವಾದಿಸಿದ್ದರು. ಆದರೆ ಅದನ್ನು ಸಾಧಿಸಿ ತೋರಿಸಲಾರೆನೆಂದೂ ಒಪ್ಪಿದ್ದರು. 1964ರ ಜಾನ್ ಬೆಲ್ ಅವರ ಪ್ರಮೇಯವನ್ನು ಆಧರಿಸಿದ, 2022ರಲ್ಲಿ ನೊಬೆಲ್ ಪಡೆದ ಪ್ರಯೋಗಗಳು, ಅಳೆಯುವ ಮೊದಲೇ ಕಣದ ಗುಣ ನಿಗದಿಯಾಗಿರುತ್ತದೆ ಮತ್ತು ಪ್ರಭಾವ ಬೆಳಕಿಗಿಂತ ವೇಗವಾಗಿ ಸಾಗದು ಎಂಬೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಾಗದು ಎಂದಷ್ಟೇ ತೋರಿಸಿವೆ. ಅಳತೆ ಮಾಡುವುದು ಉಪಕರಣ. ಅದಕ್ಕೆ ಮನಸ್ಸೇ ಬೇಕೆಂದು ಆ ಪ್ರಯೋಗಗಳು ಎಲ್ಲೂ ಹೇಳುವುದಿಲ್ಲ.

ಇಂದು ಬಾಹ್ಯವಸ್ತುವಾದಿಗಳು ಹೆಚ್ಚಾಗಿ ನೆಚ್ಚುವುದು ಬರ್ಟ್ರಂಡ್ ರಸೆಲ್ 1912ರಲ್ಲಿ ಕೊಟ್ಟ ಸಮರ್ಥನೆಯನ್ನು. ಕೋಣೆಯ ಒಂದು ಮೂಲೆಯಲ್ಲಿ ಕಂಡ ಬೆಕ್ಕು ಆಮೇಲೆ ಇನ್ನೊಂದು ಮೂಲೆಯಲ್ಲಿ, ಹಸಿದು ಕಾಣಿಸಿಕೊಳ್ಳುತ್ತದೆ. ನಡುವೆ ನಾವು ನೋಡದಿದ್ದಾಗಲೂ ಬೆಕ್ಕು ಇತ್ತು, ನಡೆಯಿತು, ಅದಕ್ಕೆ ಹಸಿವಾಯಿತು ಎಂದರೆ ಎಲ್ಲವೂ ಸುಲಭವಾಗಿ ಹೊಂದುತ್ತದೆ. ಇದು ಸಾಧನೆಯಲ್ಲ, ಅತ್ಯಂತ ಸರಳವಾದ ವಿವರಣೆ ಎಂದರು ರಸೆಲ್. ಬಾಹ್ಯವಸ್ತು ನೇರವಾಗಿ ಕಾಣುವುದಿಲ್ಲ, ಅರಿವಿನ ಆಕಾರದಿಂದ ಅದನ್ನು ಊಹಿಸಬೇಕು ಎಂದಿದ್ದ ಬೌದ್ಧ ಸೌತ್ರಾಂತಿಕರ ನಿಲುವಿಗೆ ಇದು ತೀರ ಹತ್ತಿರದ್ದು. ತೊಡಕೆಂದರೆ, ಸರಳತೆ ತನ್ನ ಪಕ್ಷದಲ್ಲಿದೆ ಎಂದು ಬರ್ಕ್‌ಲಿಯೂ ಹೇಳಿದ್ದ: ಅನುಭವಗಳಿವೆ, ಅವುಗಳ ಕ್ರಮವಿದೆ, ಅವುಗಳ ಹಿಂದೆ ಜಡದ್ರವ್ಯವೆಂಬ ಇನ್ನೊಂದನ್ನು ಸೇರಿಸುವುದೇ ದಂಡ. ಹೆಚ್ಚು ಬಗೆಯ ವಸ್ತುಗಳನ್ನು ಒಪ್ಪಿ ಕ್ರಮವನ್ನು ಸುಲಭವಾಗಿ ವಿವರಿಸುವುದು ಸರಳವೋ, ಕಡಿಮೆ ಬಗೆಯವನ್ನು ಒಪ್ಪಿ ಆ ಕ್ರಮವನ್ನು ದೇವರಿಗೋ ಕರ್ಮಕ್ಕೋ ಒಪ್ಪಿಸುವುದು ಸರಳವೋ ಎಂಬಲ್ಲಿ ಎರಡೂ ಪಕ್ಷಗಳ ಲೆಕ್ಕ ಇನ್ನೂ ಹೊಂದಿಲ್ಲ.