ತ್ರಿಜ್ಯದಲ್ಲಿ ಮೂರು ಯಾವುದು?

ತ್ರಿಭುಜಕ್ಕೆ ಮೂರು ಭುಜ. ತ್ರಿಕೋನಕ್ಕೆ ಮೂರು ಕೋನ. ಹಾಗಾದರೆ ತ್ರಿಜ್ಯಕ್ಕೆ? ಕೇಂದ್ರದಿಂದ ಪರಿಧಿಗೆ ಎಳೆದ ಗೆರೆ ಒಂದೇ ಅಲ್ವಾ, ಅದರಲ್ಲಿ ಮೂರು ಎಲ್ಲಿಂದ ಬಂತು? ಈ ಪ್ರಶ್ನೆ ಕೇಳಿದ ಮಗುವಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಅದರ ಹೆಸರೇ ಹಾಗೆ, ಬರ್ಕೋ’ ಅಂತ. ನಿಜವಾದ ಉತ್ತರ ಇದೆ. ತುಂಬ ಚೆನ್ನಾಗಿಯೂ ಇದೆ. ಅದನ್ನು ಹೇಳದೆ ಬರೀ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಒಂದು ವೃತ್ತ ಬರೆದು ಒಳಗೆ ಅಡ್ಡಲಾಗಿ ಗೆರೆ ಎಳೆಯಿರಿ. ಕೇಂದ್ರದ ಮೇಲೆ ಹಾಯುವುದು ಬೇಡ, ಸ್ವಲ್ಪ ಪಕ್ಕಕ್ಕಿರಲಿ. ಗೆರೆಯ ಆಚೆ ಬಾಗಿದ ತುಂಡೊಂದು ಕಾಣುತ್ತದೆ. ನಮ್ಮ ಹಳೆಯ ಗಣಿತಜ್ಞರಿಗೆ ಅದು ಬಿಲ್ಲಾಗಿ ಕಂಡಿತು. ಬಾಗಿದ ಭಾಗಕ್ಕೆ ಚಾಪ ಅಂದರು, ಅಂದರೆ ಬಿಲ್ಲು. ನೇರ ಗೆರೆಗೆ ಜ್ಯಾ ಅಂದರು, ಅಂದರೆ ಬಿಲ್ಲಿನ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಇರುವ ದೂರ ಶರ, ಅಂದರೆ ಬಾಣ. ಇವತ್ತಿನ ಪಠ್ಯದಲ್ಲಿ ಚಾಪದ ಜಾಗಕ್ಕೆ ಕಂಸ ಬಂದಿದೆ. ಶರದ ಸುದ್ದಿಯೇ ಇಲ್ಲ. ಜ್ಯಾ ಮಾತ್ರ ಉಳಿದಿದೆ. ಬಿಲ್ಲೂ ಇಲ್ಲದೆ ಬಾಣವೂ ಇಲ್ಲದೆ ಬರೀ ಹೆದೆ ಕೊಟ್ಟರೆ ಮಗುವಿಗೆ ಏನು ಹೊಳೆಯಬೇಕು?

ಗ್ರಹಗಳ ಲೆಕ್ಕ ಹಾಕುವವರಿಗೆ ಇಡೀ ಹೆದೆಗಿಂತ ಅರ್ಧ ಹೆದೆಯೇ ಜಾಸ್ತಿ ಕೆಲಸಕ್ಕೆ ಬರುತ್ತಿತ್ತು. ಅದು ಅರ್ಧಜ್ಯಾ. ಬಳಸಿ ಬಳಸಿ ಅದನ್ನೂ ಸುಮ್ನೆ ಜ್ಯಾ ಅಂತಲೇ ಕರೆದರು. ಆರ್ಯಭಟ 499ರ ಹೊತ್ತಿಗೆ ಇಂಥ 24 ಅರ್ಧಜ್ಯಾಗಳ ಪಟ್ಟಿಗೆ ಬೇಕಾದ ಅಂಕಿಗಳನ್ನು ಒಂದೇ ಪದ್ಯದಲ್ಲಿ ಅಡಗಿಸಿ ಇಟ್ಟ. ಅವನ ವೃತ್ತಕ್ಕೆ 12 ರಾಶಿ, ರಾಶಿಗೆ 30 ಅಂಶ, ಅಂಶಕ್ಕೆ 60 ಕಲೆ. ಪಂಚಾಂಗ ನೋಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಎಲ್ಲ ಕೂಡಿದರೆ ಪರಿಧಿ 21,600 ಕಲೆ. ಅಂಥ ವೃತ್ತದಲ್ಲಿ ಕೇಂದ್ರದಿಂದ ಪರಿಧಿಗೆ 3,438.

ಈಗ ಬಿಲ್ಲನ್ನು ಮೆಲ್ಲಗೆ ದೊಡ್ಡದು ಮಾಡುತ್ತಾ ಹೋಗಿ. ಅರ್ಧ ಬಿಲ್ಲು ಒಂದು ರಾಶಿಯಷ್ಟಿದ್ದರೆ ಅರ್ಧಜ್ಯಾ 1,719. ಎರಡು ರಾಶಿಗೆ 2,978. ಮೂರು ರಾಶಿಗೆ, ಅಂದರೆ 90 ಅಂಶಕ್ಕೆ, 3,438. ಅಲ್ಲಿಗೆ ಮುಗಿಯಿತು, ಅದಕ್ಕಿಂತ ಉದ್ದದ ಅರ್ಧಜ್ಯಾ ಆ ವೃತ್ತದಲ್ಲಿ ಇಲ್ಲ. ಯಾಕೆಂದರೆ ಮೂರು ರಾಶಿ ಮುಟ್ಟಿದಾಗ ಹೆದೆ ಸರಿಯಾಗಿ ಕೇಂದ್ರದ ಮೇಲೆ ಹಾಯುತ್ತದೆ, ಅದರ ಅರ್ಧ ಕೇಂದ್ರದಿಂದ ಪರಿಧಿಯವರೆಗಿನ ಗೆರೆಯೇ ಆಗುತ್ತದೆ. ಮೂರು ರಾಶಿಯ ಜ್ಯಾ, ಅದೇ ತ್ರಿಜ್ಯಾ. ಕನ್ನಡದ ಬಾಯಲ್ಲಿ ತ್ರಿಜ್ಯ.

ಈ ಜ್ಯಾ ಆಮೇಲೆ ಬಹಳ ದೂರ ಹೋಯಿತು. ಜೀವಾ ಅನ್ನುವುದು ಅದರ ಇನ್ನೊಂದು ಹೆಸರು. ಅರಬರು ಅದನ್ನು ಕೇಳಿದ ಹಾಗೆಯೇ ಜೀಬಾ ಅಂತ ಬರೆದುಕೊಂಡರು. ಅರಬ್ಬಿ ಬರವಣಿಗೆಯಲ್ಲಿ ಸ್ವರಗಳನ್ನು ಹೆಚ್ಚಾಗಿ ಬಿಟ್ಟೇ ಬರೆಯುತ್ತಾರೆ. ಹಾಗಾಗಿ ಮುಂದೆ ಓದಿದವರು ಅದನ್ನು ತಮ್ಮದೇ ಭಾಷೆಯ ಜೈಬ್ ಅಂದುಕೊಂಡರು. ಜೈಬ್ ಅಂದರೆ ಅಂಗಿಯ ಎದೆಭಾಗದ ಮಡಿಕೆ. ನಮ್ಮ ಅಂಗಿಯ ಜೇಬು ಕೂಡ ಅದೇ ಪದದಿಂದ ಬಂದದ್ದು. 12ನೇ ಶತಮಾನದಲ್ಲಿ ಯುರೋಪಿನವರು ಅರಬ್ಬಿ ಪುಸ್ತಕಗಳನ್ನು ಲ್ಯಾಟಿನ್‌ಗೆ ತಂದಾಗ ಮಡಿಕೆಗೆ ತಮ್ಮಲ್ಲಿದ್ದ ಸೈನಸ್ ಪದ ಹಾಕಿದರು. ಅದೇ ಸೈನ್. ನಮ್ಮ ಮಕ್ಕಳು ಒಂಬತ್ತನೇ ತರಗತಿಯಲ್ಲಿ ಜ್ಯಾ ಓದುತ್ತಾರೆ, ಹತ್ತರಲ್ಲಿ ಸೈನ್ ಓದುತ್ತಾರೆ. ಎರಡೂ ಒಂದೇ ಮನೆಯವು ಅಂತ ಹೇಳಲು ಎರಡು ನಿಮಿಷ ಸಾಕು.

ಪದಗಳು ಹೊರಗಿನಿಂದ ಒಳಗೂ ಬಂದಿವೆ. ಕೇಂದ್ರ ಮೂಲದಲ್ಲಿ ಗ್ರೀಕರ ಕೆಂಟ್ರಾನ್, ಚೂಪು ಮೊನೆ ಅಂತ ಅರ್ಥ. ಕೈವಾರದ ಮುಳ್ಳು ಊರುವ ಜಾಗ ಅನ್ನಿ. ಜ್ಯೋತಿಷದ ಜೊತೆ ಇಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿತು.

ಆಕಾಶದ ಲೆಕ್ಕಕ್ಕೆ ಬಿಲ್ಲು ಬೇಕಾಯಿತು. ನೆಲದ ಲೆಕ್ಕದವರು ಕಣ್ಣಿಗೆ ಕಂಡದ್ದನ್ನೆಲ್ಲ ತಂದರು. ಇದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಆಸುಪಾಸು, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ವೃತ್ತ ಅಂದರೆ ನಾವು ಒಂದೇ ಆಕಾರ ಅಂದುಕೊಳ್ಳುತ್ತೇವೆ, ಅವನು ಎಂಟು ಬಗೆ ಹೇಳುತ್ತಾನೆ. ಸಮವೃತ್ತ, ಅರ್ಧವೃತ್ತ, ಉದ್ದಕ್ಕೆ ಎಳೆದಂತಿರುವ ಆಯತವೃತ್ತ, ಶಂಖದ ಆಕಾರದ ಕಂಬುಕವೃತ್ತ, ತಗ್ಗಾದ ನಿಮ್ನವೃತ್ತ, ಉಬ್ಬಿದ ಉನ್ನತವೃತ್ತ, ಬಳೆಯ ಹಾಗೆ ಸುತ್ತುವ ಎರಡು ಚಕ್ರವಾಳ. ಜವೆಗೋಧಿ ಕಾಳಿನಂಥ ಆಕಾರಕ್ಕೆ, ಮುರಜ, ಪಣವ ಅನ್ನುವ ವಾದ್ಯಗಳ ಆಕಾರಕ್ಕೆ ಕ್ಷೇತ್ರಫಲ ಹೇಳಿಕೊಡುತ್ತಾನೆ. ಇವತ್ತಿನ ಪುಸ್ತಕದಲ್ಲಿ ಈ ಸಂಭ್ರಮ ಇಲ್ಲ. 12ನೇ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ. ಅವನ ಒಂದು ಕೃತಿಯ ಹೆಸರೇ ಕ್ಷೇತ್ರಗಣಿತ. ಹೊಲ ಗದ್ದೆ ಅಳೆಯುವ ಗಣಿತ ಅಂತ ಹೆಸರಲ್ಲೇ ತಿಳಿಯುತ್ತದೆ.

ರೇಖಾಗಣಿತ ಅನ್ನುವ ಹೆಸರಿನ ಹಿಂದೆ ಬೇರೆ ಕತೆ ಇದೆ. 18ನೇ ಶತಮಾನದ ಮೊದಲ ಭಾಗದಲ್ಲಿ ಜಯಪುರದ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಾಮ್ರಾಟ, ಗ್ರೀಕರ ಯೂಕ್ಲಿಡ್‌ನನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದ. ಆ ಗ್ರಂಥದ ಹೆಸರು ರೇಖಾಗಣಿತ. ಆಮೇಲೆ ಇಂಗ್ಲಿಷರ ಶಾಲೆಗಳ ಜೊತೆ ಯೂಕ್ಲಿಡ್ ಊರೂರಿಗೂ ಬಂದ. ಇವತ್ತು ಕೋನಗಳಿಗೆ ಇರುವ ಉದ್ದನೆಯ ಪಟ್ಟಿ ಈ ಶಾಲೆಗಳಿಂದ ಬೆಳೆದದ್ದು. ಲಘುಕೋನ, ವಿಶಾಲಕೋನ, ಸರಳಾಧಿಕ ಕೋನ, ಪೂರಕ, ಪರಿಪೂರಕ, ಎಲ್ಲ ಕೇಳಲು ಪುರಾತನ ಅನ್ನಿಸುತ್ತವೆ. ಪಾಠದ ಅಗತ್ಯಕ್ಕೆ ಕಟ್ಟಿಕೊಂಡ ಪದಗಳು ಅವು. ಹೊಲ ಅಳೆಯುವವನಿಗೆ ಬದಿಗಳ ಉದ್ದ ಮತ್ತು ಒಂದು ಲಂಬ ಸಿಕ್ಕರೆ ಸಾಕಿತ್ತು, ಮೂಲೆ ಎಷ್ಟು ಡಿಗ್ರಿ ಅಂತ ಕೇಳುವ ಕೆಲಸ ಇರಲಿಲ್ಲ. ಮೂಲೆಗೆ ಹಳೆಯ ಇನ್ನೊಂದು ಪದ ಅಶ್ರ. ಅದು ಗಣಿತದ ಪುಸ್ತಕದಿಂದ ಹೋಯಿತು, ಆದರೆ ಸಂಗೀತ ಕಲಿಯುವವರ ಬಾಯಲ್ಲಿ ಇನ್ನೂ ಇದೆ. ತಾಳದ ಚತುರಶ್ರ ಅಂದರೆ ನಾಲ್ಕು ಮೂಲೆಯದು, ತಿಶ್ರ ಅಂದರೆ ಮೂರು ಮೂಲೆಯದು.

ಕೊನೆಗೆ ಕರ್ಣ. ಇದನ್ನು ಶಿಕ್ಷಕರು ದಯವಿಟ್ಟು ಗಮನಿಸಬೇಕು. ಕನ್ನಡ ಪಠ್ಯದಲ್ಲಿ ಚತುರ್ಭುಜದ ಎದುರು ಮೂಲೆಗಳನ್ನು ಸೇರಿಸುವ ಗೆರೆ ಕರ್ಣ, ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹು ವಿಕರ್ಣ. ಹಿಂದಿಯಲ್ಲಿ ಸರಿಯಾಗಿ ತಿರುಗಾಮುರುಗಾ. ಅಲ್ಲಿ ತ್ರಿಭುಜದ್ದು ಕರ್ಣ, ಚತುರ್ಭುಜದ್ದು ವಿಕರ್ಣ. ಮೊಬೈಲಿನಲ್ಲಿ ಹಿಂದಿ ವಿಡಿಯೊ ನೋಡಿ ಲೆಕ್ಕ ಕಲಿಯುವ ಮಕ್ಕಳು ಈಗ ಜಾಸ್ತಿ. ಅವರು ಇಲ್ಲೇ ಎಡವುತ್ತಾರೆ. ಹಳೆಯ ಗಣಿತಕ್ಕೆ ಈ ಗೊಂದಲ ಇರಲಿಲ್ಲ, ಎರಡಕ್ಕೂ ಕರ್ಣ ಅನ್ನುತ್ತಿದ್ದರು. ಇನ್ನೂ ಹಿಂದೆ, ಯಜ್ಞವೇದಿಗೆ ಹಗ್ಗ ಹಿಡಿದು ಅಳತೆ ಹಾಕುತ್ತಿದ್ದ ಬೋಧಾಯನನ ಶುಲ್ಬಸೂತ್ರದಲ್ಲಿ ಪೈಥಾಗೊರಸ್ ಪ್ರಮೇಯ ಬರುವುದು ಆಯತದ ಓರೆ ಹಗ್ಗದ ಮಾತಾಗಿ. ಅವನಿಗೆ ತ್ರಿಭುಜವೇ ಬೇಕಾಗಲಿಲ್ಲ. ಬೋರ್ಡ್ ಮೇಲೆ ಒಂದು ಆಯತ ಬರೆದು ಮೂಲೆಯಿಂದ ಮೂಲೆಗೆ ಗೆರೆ ಎಳೆದು ತೋರಿಸಿ. ಆಯತಕ್ಕೆ ಅದು ಕರ್ಣ, ಪಕ್ಕದ ಎರಡು ತ್ರಿಭುಜಗಳಿಗೆ ಅದೇ ಗೆರೆ ವಿಕರ್ಣ. ಹೆಸರು ಅದಲುಬದಲಾಗಿ ಕಿವಿಗೆ ಬಿದ್ದರೂ ಯಾವ ಗೆರೆ ಅನ್ನುವುದು ಮಗುವಿಗೆ ಗೊತ್ತಿರುತ್ತದೆ.